ಗೀರು ಎರಡು, ಅಕ್ಷರ ಒಂದು

ಹತ್ತೊಂಬತ್ತನೇ ಶತಮಾನದ ಜರ್ಮನ್ ಪಾದ್ರಿಯೊಬ್ಬರ ಕಾಗದದ ಜೆರಾಕ್ಸ್ ಪ್ರತಿ ಅದು. ಪುಟವಿಡೀ ಹುಡುಕಿದರೂ ನನಗೆ ಓದಲು ಬಂದದ್ದು ಒಂದೇ ಪದ: ಮಂಗಳೂರು. ಉಳಿದದ್ದೆಲ್ಲ ಗರಗಸದ ಹಲ್ಲಿನಂಥ ಸಾಲುಗಳು.

ಮಂಗಳೂರಿನಲ್ಲಿ ಜರ್ಮನ್ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು ಕನ್ನಡಕ ಏರಿಸಿ ನಕ್ಕರು. "ಅಷ್ಟಾದರೂ ಸಿಕ್ಕಿತಲ್ಲ ಮಾರಾಯ್ರೆ! ಪರಊರಿನ ಹೆಸರನ್ನು ಅವರು ರೋಮನ್ ಅಕ್ಷರದಲ್ಲಿ ಬರೀತಿದ್ದದ್ದು. ಬಾಕಿಯೆಲ್ಲ ಕುರೆಂಟ್."

ಕುರೆಂಟ್ ಎಂದರೆ ಜರ್ಮನರ ಹಳೆಯ ಕೂಡಿಸಿ ಬರೆಯುವ ಕೈಬರಹ. ಬಾಸೆಲ್ ಮಿಷನ್ನಿನ ಪಾದ್ರಿಗಳು ಇಲ್ಲಿಂದ ಊರಿಗೆ ಬರೆದ ಜರ್ಮನ್ ಕಾಗದ, ವರದಿ, ದಿನಚರಿಗಳಲ್ಲಿ ಹೆಚ್ಚಿನವಕ್ಕೆ ಇದೇ ಕೈ. ಹೇಗೆ ಓದುವುದೆಂದು ಕೇಳಿದ್ದಕ್ಕೆ ಮೇಷ್ಟ್ರು ಪೆನ್ಸಿಲು ಕೊಟ್ಟರು. "ಓದುದೆಲ್ಲ ಮತ್ತೆ. ಮೊದಲು ಒಂದು ‘ಇ’ ಬರೀರಿ."

ಇಂಗ್ಲಿಷಿನಲ್ಲಿ ನಾವು ‘ಇ’ ಅನ್ನುತ್ತೇವಲ್ಲ, ಅದೇ ಸಣ್ಣಕ್ಷರ. ಆದರೆ ಇಲ್ಲಿ ಹೊಟ್ಟೆಯಿಲ್ಲ, ಸುರುಳಿಯಿಲ್ಲ. ಕೆಳಗೆರೆಯಿಂದ ಓರೆಯಾಗಿ ಮೇಲಕ್ಕೊಂದು ಸಪೂರ ಗೀರು. ಅಲ್ಲಿಂದ ಕೆಳಕ್ಕೆ, ತುಸು ಒತ್ತಿ. ಮತ್ತೆ ಮೇಲಕ್ಕೆ ಸಪೂರ, ಮತ್ತೆ ಕೆಳಕ್ಕೆ ಒತ್ತಿ. ಒತ್ತಿದ ಆ ಎರಡು ಗೀರುಗಳು ಒಂದಕ್ಕೊಂದು ತಾಗುವಷ್ಟು ಹತ್ತಿರವಿರಬೇಕು. ನಡುವೆ ಜಾಗ ಬಿಟ್ಟರೆ ಅದು ‘ಎನ್’. ‘ಯು’ ಕೂಡ ಹಾಗೆಯೇ ಕಾಣುತ್ತದೆಂದು ಅದರ ತಲೆಯ ಮೇಲೊಂದು ಪುಟ್ಟ ಕಮಾನು ಎಳೆಯುತ್ತಾರೆ.

ಹಾಳೆ ತುಂಬುತ್ತ ಬಂದಂತೆ ಕೈಗೆ ಆ ಲಯ ಹತ್ತಿತು. ಬೆರಗು ಶುರುವಾದದ್ದು ಆಮೇಲೆ. ಕಾಗದದತ್ತ ನೋಡಿದರೆ ಎಲ್ಲೆಲ್ಲೂ ಜೋಡಿ ಗೀರುಗಳು! ಜರ್ಮನ್ ಬರಹದಲ್ಲಿ ಹೆಚ್ಚುಕಡಿಮೆ ಆರು ಅಕ್ಷರಕ್ಕೊಂದು ‘ಇ’ ಬರುತ್ತದೆ. ಅದೊಂದು ಗೊತ್ತಾದರೆ ಗರಗಸ ಒಡೆದು ಪದಗಳಾಗುತ್ತದೆ. ಅಕ್ಷರಮಾಲೆಯ ಪಟ್ಟಿಯನ್ನು ಎಷ್ಟು ದಿಟ್ಟಿಸಿದರೂ ಸಿಗದ ಗುರುತು ಬರೆದ ಕೈಗೆ ಸಿಕ್ಕಿತ್ತು. ಗೀರು ಎಲ್ಲಿ ಹುಟ್ಟಿ ಯಾವ ಕಡೆ ಹೊರಳುತ್ತದೆಂದು ಕೈಗೆ ತಿಳಿದಿದ್ದರೆ, ಅವಸರದಲ್ಲಿ ಬರೆದು ಕೆಟ್ಟ ರೂಪವನ್ನೂ ಕಣ್ಣು ಹಿಡಿಯುತ್ತದೆ.

ಮೇಷ್ಟ್ರು ಹೇಳಿದ ಇನ್ನೊಂದು ಸಂಗತಿ ಮಾತ್ರ ನನ್ನನ್ನು ಇನ್ನೂ ಬಿಟ್ಟಿಲ್ಲ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ನಮಗೆಲ್ಲ ಗೊತ್ತು. ಅವರ ಹೆಸರನ್ನು ಜರ್ಮನ್ನಿನಲ್ಲಿ ಬರೆದರೆ ‘ಒ’ ಅಕ್ಷರದ ಮೇಲೆ ಎರಡು ಚುಕ್ಕಿ ಕೂರುತ್ತವೆ. ಆ ಚುಕ್ಕಿಗಳ ಪೂರ್ವಜನ್ಮ ಈ ‘ಇ’! ಸ್ವರದ ಉಚ್ಚಾರ ಬದಲಾಗಿದೆ ಎಂದು ತೋರಿಸಲು ಹಿಂದೆ ಅದರ ತಲೆಯ ಮೇಲೊಂದು ಪುಟಾಣಿ ‘ಇ’ ಬರೆಯುತ್ತಿದ್ದರು. ಕೈಬರಹದಲ್ಲಿ ‘ಇ’ ಎಂದರೆ ಎರಡು ಗೀರು ತಾನೆ? ಬರೆಬರೆಯುತ್ತ ಗೀರು ಮೊಟಕಾಗಿ ಚುಕ್ಕಿಯಾಯಿತು. ಇವತ್ತು ಜರ್ಮನ್ ಕೀಬೋರ್ಡಿನಲ್ಲೂ ಆ ಎರಡು ಗೀರಿನ ಅವಶೇಷ ಉಳಿದಿದೆ. ಅಂದಿನಿಂದ ಜರ್ಮನ್ ಕಾರಿನ ಜಾಹೀರಾತು ಕಂಡರೂ ನಾನು ಚುಕ್ಕಿ ಹುಡುಕುತ್ತೇನೆ.

ಇತಿಹಾಸದ ಉಳಿದ ಭಾಗ ಅಷ್ಟು ಸೊಗಸಾಗಿಲ್ಲ. 1911ರಲ್ಲಿ ಪ್ರಷ್ಯಾ ಸರ್ಕಾರ ಲುಡ್ವಿಗ್ ಸುಟರ್ಲಿನ್ ಎಂಬ ಕಲಾವಿದನಿಗೆ ಮಕ್ಕಳಿಗೆ ಹೊಂದುವ ಬರಹ ರೂಪಿಸಲು ಹೇಳಿತು. ಓರೆಯಾಗಿದ್ದ ಕುರೆಂಟನ್ನು ಆತ ನೆಟ್ಟಗೆ ನಿಲ್ಲಿಸಿ, ದಪ್ಪ-ಸಪೂರದ ಕಾಟ ತೆಗೆದ. 1915ರಿಂದ ಅದು ಪ್ರಷ್ಯಾದ ಶಾಲೆಗಳಿಗೆ ಬಂತು. 1941ರಲ್ಲಿ ನಾಜಿ ಆಡಳಿತ ಹಳೆಯ ಅಚ್ಚಕ್ಷರಕ್ಕೆ ‘ಯಹೂದಿ ಅಕ್ಷರ’ ಎಂಬ ಶುದ್ಧ ಸುಳ್ಳು ಹಣೆಪಟ್ಟಿ ಹಚ್ಚಿ ಬಹಿಷ್ಕರಿಸಿತು. ಅದೇ ವರ್ಷ ಶಾಲೆಯ ಕೈಬರಹವೂ ಹೋಯಿತು. ಅಜ್ಜಿಯ ಪ್ರೇಮಪತ್ರ ಓದಲಾಗದ ಮೊಮ್ಮಕ್ಕಳು ಜರ್ಮನಿಯಲ್ಲಿ ಈಗ ಬೇಕಾದಷ್ಟಿದ್ದಾರೆ. ಅಟ್ಟದಲ್ಲಿ ಸಿಕ್ಕ ಹಳೆಯ ಮೋಡಿ ಲಿಪಿಯ ಕಾಗದ ಹಿಡಿದು ಓದಬಲ್ಲವರಿಗಾಗಿ ಅಲೆದ ಬೆಳಗಾವಿ, ಧಾರವಾಡದ ಮನೆಗಳವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ.

ಕೂಡಿಸಿ ಬರೆದರೆ ಬುದ್ಧಿ ಚುರುಕಾಗುತ್ತದೆ, ಶಿಸ್ತು ಬರುತ್ತದೆ ಎಂಬ ಪ್ರಚಾರ ನನಗೆ ಅಷ್ಟಾಗಿ ರುಚಿಸುವುದಿಲ್ಲ. ಕ್ಯಾಲಿಫೋರ್ನಿಯಾ 2023ರಲ್ಲಿ ಕಾನೂನು ಮಾಡಿ ಒಂದರಿಂದ ಆರನೇ ತರಗತಿಯ ಪಾಠದಲ್ಲಿ ಕರ್ಸಿವ್ ಸೇರಿಸಿತು. ಅದಕ್ಕೆ ನಾನು ಒಪ್ಪುವ ಕಾರಣ ಒಂದೇ: ಹಿಂದಿನವರು ಬರೆದದ್ದನ್ನು ಓದಲು ಬರಬೇಕು. ಟ್ರಾನ್ಸ್‌ಕ್ರಿಬಸ್‌ನಂಥ ತಂತ್ರಾಂಶಗಳು ಈಗ ಕುರೆಂಟನ್ನು ಓದಿ ಬೆರಳಚ್ಚಿಸಿಕೊಡುತ್ತವೆ, ನಿಜ. ಆದರೆ ಅವು ‘ಎನ್’ ಅಂದದ್ದು ‘ಇ’ ಇರಬಹುದೇ ಎಂದು ಅನುಮಾನಿಸಲು ಒಬ್ಬ ಮನುಷ್ಯ ಬೇಕೇಬೇಕು.

ಕರಾವಳಿಯ ಬಾಸೆಲ್ ಮಿಷನ್ ಶಾಲೆ, ಮುದ್ರಣಾಲಯ, ಹಂಚಿನ ಕಾರ್ಖಾನೆಗಳ ಕಥೆ ಬರೆಯುವವರು ಎಷ್ಟು ಕಾಲ ಇಂಗ್ಲಿಷ್ ಸಾರಾಂಶವನ್ನೇ ನೆಚ್ಚಿಕೊಂಡಿರುವುದು? ಜರ್ಮನ್ ಭಾಷೆಗೆ ವರ್ಷಗಳು ಬೇಕು. ಅದನ್ನು ಬಲ್ಲವರಿಗೆ ಲಿಪಿ ಅಷ್ಟು ದೂರವಿಲ್ಲ. ನಮ್ಮ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು ಮೋಡಿಯ ಜೊತೆಗೆ ಇದಕ್ಕೂ ಒಂದು ಕಮ್ಮಟ ನಡೆಸಬಹುದು. ಪೆನ್ಸಿಲು, ನಾಲ್ಕು ಗೆರೆಯ ಕಾಪಿ ಪುಸ್ತಕ ಸಾಕು. ಅಕ್ಷರಮಾಲೆಯ ಕ್ರಮ ಮಾತ್ರ ಪಕ್ಕಕ್ಕಿಟ್ಟು, ‘ಇ’ಯಿಂದಲೇ ಶುರು ಮಾಡಲಿ.