ಹಾರ್ಡ್ ಡಿಸ್ಕಿನೊಳಗಿನ ವಿರಳ ಗಾಳಿ

ವಿರಳ ಅನಿಲ ಎಂದೊಡನೆ ನಮ್ಮ ಲಕ್ಷ್ಯ ಆಕಾಶದ ಕಡೆ ಹೋಗುತ್ತದೆ. ನೂರು ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಅಣುವೊಂದು ಇನ್ನೊಂದಕ್ಕೆ ಡಿಕ್ಕಿ ಹೊಡೆಯುವ ಮುನ್ನ ಸರಾಸರಿ ಹತ್ತು ಸೆಂಟಿಮೀಟರಿಗೂ ಹೆಚ್ಚು ದೂರ ಓಡುತ್ತದೆ. ನೆಲಮಟ್ಟದಲ್ಲಿ ಆ ದೂರ ಸುಮಾರು 65 ನ್ಯಾನೊಮೀಟರ್ ಮಾತ್ರ. ಆದರೆ ಗಾಳಿ ವಿರಳವೋ ಅಲ್ಲವೋ ಎಂಬುದನ್ನು ತೀರ್ಮಾನಿಸುವುದು ಎತ್ತರವಲ್ಲ. ಅಣುವಿನ ಓಟಕ್ಕೂ ಅದು ಹರಿಯುವ ಜಾಗದ ಅಳತೆಗೂ ಇರುವ ಅನುಪಾತ. ಡೆನ್ಮಾರ್ಕಿನ ಮಾರ್ಟಿನ್ ನುಡ್ಸೆನ್ ಹೆಸರಿನಲ್ಲಿ ಅದನ್ನು ನುಡ್ಸೆನ್ ಸಂಖ್ಯೆ ಎನ್ನುತ್ತಾರೆ.

ಕ್ಯಾಲಿಫೋರ್ನಿಯಾದ ಲಾಸ್ ಗ್ಯಾಟೋಸ್‌ನ ನಮ್ಮ ಮನೆಯ ಮೇಜಿನ ಮೇಲೆ ಮುಚ್ಚಳ ಬಿಚ್ಚಿದ ಹಳೆಯ ಹಾರ್ಡ್ ಡಿಸ್ಕ್ ಡ್ರೈವ್ ಒಂದಿದೆ. ಕನ್ನಡಿಯಂತಹ ತಟ್ಟೆ, ಪಕ್ಕದಲ್ಲಿ ಪ್ಲಾಸ್ಟಿಕ್ ಇಳಿಜಾರಿನ ಮೇಲೆ ತಂಗಿರುವ ತೋಳು, ಅದರ ತುದಿಯಲ್ಲಿ ಮಿಲಿಮೀಟರ್ ಗಾತ್ರದ ಕಪ್ಪು ಚೂರು. ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗಿದರೆ ಅಂಚಿನ ವೇಗ ಸೆಕೆಂಡಿಗೆ 30 ಮೀಟರ್ ದಾಟುತ್ತದೆ. ಆಗ ಆ ಚೂರು ಗಾಳಿಯ ಪದರದ ಮೇಲೆ ತೇಲುತ್ತದೆ. ಇಂದಿನ ಡ್ರೈವ್‌ಗಳಲ್ಲಿ ಆ ಚೂರಿನಲ್ಲಿರುವ ಓದುವ ಹೆಡ್ಡಿಗೂ ತಟ್ಟೆಗೂ ನಡುವೆ ಕೆಲವೇ ನ್ಯಾನೊಮೀಟರ್ ಅಂತರ. ಡ್ರೈವಿನೊಳಗಿನ ಒತ್ತಡ ಸಾಮಾನ್ಯವೇ, ಆದರೂ ಆ ಅಂತರದಲ್ಲಿನ ಗಾಳಿ ವಿರಳ ಅನಿಲ. ಗಾಳಿಯನ್ನು ಅಖಂಡ ಹರಿವೆಂದು ಭಾವಿಸುವ ಸಮೀಕರಣ ಅಲ್ಲಿ ಕೈಕೊಡುತ್ತದೆ.

ನೆರೆಯ ಸ್ಯಾನ್ ಹೋಸೆಯಲ್ಲೇ ಐಬಿಎಂ 1956ರಲ್ಲಿ ಮೊದಲ ಡಿಸ್ಕ್ ಡ್ರೈವ್ ತಯಾರಿಸಿತು. ಅದೇ ಊರಿನ ಸ್ಟೇಟ್ ಯೂನಿವರ್ಸಿಟಿಯ ಅಲೆಹಾಂಡ್ರೊ ಗಾರ್ಸಿಯಾ, ಲಿವರ್ಮೋರ್ ಪ್ರಯೋಗಾಲಯದ ಬರ್ನಿ ಆಲ್ಡರ್ ಮತ್ತು ಫ್ರಾನ್ಸಿಸ್ ಅಲೆಕ್ಸಾಂಡರ್ 1994ರಲ್ಲಿ ಈ ಪದರವನ್ನು ಕಣಗಳ ಲೆಕ್ಕದಿಂದ ಬಿಡಿಸಿದರು. ಜಪಾನಿನ ಫುಕುಯಿ ಮತ್ತು ಕನೆಕೊ ಬೇರೆ ದಾರಿಯಲ್ಲಿ ಕಂಡುಕೊಂಡಿದ್ದ ಉತ್ತರಕ್ಕೆ ಅದು ಚೆನ್ನಾಗಿ ತಾಳೆಯಾಯಿತು. ನನಗೆ ಈ ಕೆಲಸದ ಮೇಲೆ ಬಹಳ ಗೌರವ.

ಗಾರ್ಸಿಯಾ ತಂಡ ಬಳಸಿದ ವಿಧಾನ ಸಿಡ್ನಿಯ ಗ್ರೇಮ್ ಬರ್ಡ್ 1963ರಲ್ಲಿ ಕೊಟ್ಟದ್ದು. ಒಂದೊಂದು ಕಣವೂ ಅಸಂಖ್ಯ ಅಣುಗಳ ಪ್ರತಿನಿಧಿ. ಅತಿ ಚಿಕ್ಕ ಕಾಲದ ಹೆಜ್ಜೆಯಲ್ಲಿ ಎಲ್ಲ ಕಣಗಳನ್ನೂ ಸರಿಸಬೇಕು, ಗೋಡೆಗೆ ತಾಗಿದ್ದನ್ನು ಹಿಂದಿರುಗಿಸಬೇಕು, ಜಾಗವನ್ನು ಹಂಚಿದ ಸಣ್ಣ ಕೋಶಗಳಲ್ಲಿ ಯಾವುದು ಯಾವುದರಲ್ಲಿದೆ ಎಂದು ಗುರುತಿಸಬೇಕು. ಆಮೇಲೆ ಒಂದೇ ಕೋಶದ ಜೋಡಿಗಳನ್ನು ಸಂಭವನೀಯತೆಯ ಪ್ರಕಾರ ಆರಿಸಿ ಡಿಕ್ಕಿ ಹೊಡೆಸಬೇಕು. ಮತ್ತೆ ಮೊದಲಿನಿಂದ.

ಇಲ್ಲಿರುವ ನಿಜವಾದ ಕಷ್ಟ ಗದ್ದಲ, ಅಂದರೆ ಅಣುಗಳ ಅಡ್ಡಾದಿಡ್ಡಿ ಓಟದಿಂದ ಲೆಕ್ಕದಲ್ಲಿ ಬರುವ ಏರುಪೇರು. ಇದೇ ವಿಧಾನವನ್ನು ಕಕ್ಷೆಯಿಂದ ಮರಳುವ ನೌಕೆಗೆ ಅನ್ವಯಿಸಿದರೆ, ಅದರ ವೇಗ ಸೆಕೆಂಡಿಗೆ ಏಳು ಕಿಲೋಮೀಟರಿಗೂ ಹೆಚ್ಚು. ಅದರ ಮುಂದೆ ಅಣುಗಳ ಅಡ್ಡಾದಿಡ್ಡಿ ಓಟ ಸಣ್ಣದು. ಡಿಸ್ಕಿನಲ್ಲಿ ಲೆಕ್ಕ ತಿರುಗುಮುರುಗು: ಹರಿವು ಮೂವತ್ತು ಮೀಟರ್, ಅಣುಗಳ ಸರಾಸರಿ ವೇಗ ಸುಮಾರು 460. ಬೇಕಾದ ಸಂಖ್ಯೆ ಗದ್ದಲದಲ್ಲಿ ಮುಳುಗಿರುತ್ತದೆ. ಗದ್ದಲವನ್ನು ಅರ್ಧಕ್ಕಿಳಿಸಲು ನಾಲ್ಕು ಪಟ್ಟು ಮಾದರಿ ಬೇಕು, ಹತ್ತನೇ ಒಂದಕ್ಕಿಳಿಸಲು ನೂರು ಪಟ್ಟು.

ಗ್ರಾಫಿಕ್ಸ್ ಕಾರ್ಡ್ ನೆರವಿಗೆ ಬರುವುದು ಇಲ್ಲಿ. ಸಾಂತಾ ಕ್ಲಾರಾದ ಎನ್‌ವಿಡಿಯಾ 2007ರಲ್ಲಿ ಕುಡಾ ಎಂಬ ಪ್ರೋಗ್ರಾಮಿಂಗ್ ವ್ಯವಸ್ಥೆ ಬಿಡುಗಡೆ ಮಾಡಿದ ಮೇಲೆ, ಚಿತ್ರ ಬಿಡಿಸುವ ಚಿಪ್ಪಿಗೆ ನೇರವಾಗಿ ಲೆಕ್ಕ ಒಪ್ಪಿಸುವುದು ಸುಲಭವಾಯಿತು. ಕಣ ಸರಿಸುವಾಗ ಒಂದರ ಹಂಗು ಇನ್ನೊಂದಕ್ಕಿಲ್ಲ. ಸಾವಿರಾರನ್ನು ಒಟ್ಟಿಗೆ ಓಡಿಸಬಹುದು. ತೊಡಕು ಡಿಕ್ಕಿಯ ಹಂತದಲ್ಲಿ. ಒಂದೇ ಕೋಶದ ಕಣಗಳು ಮೆಮೊರಿಯ ತುಂಬ ಚದುರಿದ್ದರೆ ಕಾರ್ಡು ಅವನ್ನು ಹುಡುಕಿ ತರುವುದರಲ್ಲೇ ಕಾಲ ಕಳೆಯುತ್ತದೆ. ಅದಕ್ಕೇ ಅಂಚೆಯವರು ಪಿನ್‌ಕೋಡ್ ನೋಡಿ ಕಾಗದ ವಿಂಗಡಿಸುವಂತೆ ಕಣಗಳನ್ನು ಕೋಶದ ಸಂಖ್ಯೆಯ ಪ್ರಕಾರ ಆಗಾಗ ಜೋಡಿಸಬೇಕು. ಎನ್‌ವಿಡಿಯಾ ಕಾರ್ಡಿನಲ್ಲಿ ಲೆಕ್ಕದ ಮೂವತ್ತೆರಡು ಎಳೆಗಳು (ಥ್ರೆಡ್) ಒಟ್ಟಾಗಿ ಒಂದೇ ಆಜ್ಞೆ ಪಾಲಿಸುತ್ತವೆ; ಕೆಲವಕ್ಕೆ ಡಿಕ್ಕಿಯಾಗಿ ಉಳಿದವಕ್ಕೆ ಆಗದಿದ್ದರೆ ಉಳಿದವು ಕಾಯುತ್ತ ನಿಲ್ಲುತ್ತವೆ. ಕಾರ್ಡಿನ ವೇಗ ಎಷ್ಟೇ ಇರಲಿ, ಪ್ರೋಗ್ರಾಮ್ ಬರೆಯುವವರ ಜಾಣ್ಮೆ ಈ ಜೋಡಣೆಯಲ್ಲಿದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಹುಬ್ಬಳ್ಳಿಯಲ್ಲೋ ದಾವಣಗೆರೆಯಲ್ಲೋ ಓದುತ್ತಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಂಥ ಲೆಕ್ಕಗಳಿಗೆ ಕೈಹಾಕಲಿ ಎಂದು ನನಗೆ ಆಸೆ. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ಸ್ಪಾರ್ಟಾ ಎಂಬ, ಇದೇ ವಿಧಾನದ ಪ್ರೋಗ್ರಾಮ್ ಉಚಿತ, ಮೂಲ ಕೋಡ್ ಸಮೇತ ಸಿಗುತ್ತದೆ. ಸಣ್ಣ ಲೆಕ್ಕಗಳಿಗೆ ಗೇಮ್ ಆಡುವ ಕಾರ್ಡೂ ಸಾಕು. ಮೊದಲಿಗೆ ಎರಡು ತಟ್ಟೆಗಳ ನಡುವಿನ ಗಾಳಿಯನ್ನು ತೆಗೆದುಕೊಳ್ಳಿ, ಒಂದು ತಟ್ಟೆ ಮಾತ್ರ ಚಲಿಸಲಿ. ಕೋಶ ಡಿಕ್ಕಿಗಳ ನಡುವೆ ಅಣು ಸರಾಸರಿ ಓಡುವ ದೂರಕ್ಕಿಂತ ಚಿಕ್ಕದಿರಲಿ. ತಟ್ಟೆಗೆ ತಾಗಿದ ಗಾಳಿ ತಟ್ಟೆಯ ವೇಗಕ್ಕೆ ಸಮನಾಗದೆ ಜಾರುವುದು ಆ ಲೆಕ್ಕದಲ್ಲೇ ಕಾಣುತ್ತದೆ.