ದೀಪ ಉರಿಯುತ್ತದೆ, ಕಂಪ್ಯೂಟರ್ ಆರುತ್ತದೆ: ‘ವಿದ್ಯುಚ್ಛಕ್ತಿ’ ಘಟಕಕ್ಕೊಂದು ಮನೆಯ ಉದಾಹರಣೆ

ಬೋಧನಾಭ್ಯಾಸಕ್ಕೆಂದು ನನಗೆ ನವಲಗುಂದ ತಾಲ್ಲೂಕಿನ ಒಂದು ಪ್ರೌಢಶಾಲೆ ಸಿಕ್ಕಿತ್ತು. ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿಯ ಮನೆ ಊರ ಹೊರಗೆ ಎರೆಹೊಲದಲ್ಲಿದೆ. ಅಲ್ಲಿ ಸೌರ ಪ್ಯಾನೆಲ್, 12 ವೋಲ್ಟಿನ ಬ್ಯಾಟರಿ, ಒಂದು ಇನ್ವರ್ಟರ್ ಮತ್ತು ಅಣ್ಣನ ಹಳೆಯ ಕಂಪ್ಯೂಟರ್ ಇವೆ. "ಸರ್, ದೀಪ ಛಲೋ ಉರೀತಾವ್ರಿ, ಕಂಪ್ಯೂಟರ್ ಹಚ್ಚಿದ್ರ ಎರಡು ಮಿನಿಟಿಗೆ ಬಂದ್ ಆಗತೈತ್ರಿ" ಎಂದ ಹುಡುಗ. ಕಂಪ್ಯೂಟರೇ ಕೆಟ್ಟಿದೆ ಎಂಬುದು ಮನೆಯವರ ತೀರ್ಮಾನ.

ಮಲ್ಟಿಮೀಟರ್ ಹಿಡಿದು ಹೋದೆ. ಕಂಪ್ಯೂಟರ್ ಹಚ್ಚುವ ಮೊದಲು ಇನ್ವರ್ಟರಿನ ಟರ್ಮಿನಲ್ಲಿನಲ್ಲಿ 12.5 ವೋಲ್ಟ್ ಇತ್ತು, ಹಚ್ಚಿದ ಮೇಲೆ 10.4ಕ್ಕೆ ಇಳಿಯಿತು. ‘ಬ್ಯಾಟರಿ ಲೋ’ ಎಂಬ ಕೆಂಪು ದೀಪ ಹತ್ತಿ, ಬೀಪ್ ಎಂದು ಎಲ್ಲ ಆರಿತು. ಹೊರೆ ಬಿದ್ದಾಗ ವೋಲ್ಟೇಜ್ ಹೀಗೆ ಕುಸಿದರೆ ಬ್ಯಾಟರಿ ಮುಗಿದಿದೆ ಎಂದು ಓದಿದ್ದೆ. ಹಾಗೆಯೇ ಹೇಳಿಬಿಟ್ಟೆ. ಹೆಸರು ಮಾರಿದ ಮೇಲೆ ಹೊಸದನ್ನು ತರುತ್ತೇವೆ ಎಂದರು ಹುಡುಗನ ತಂದೆ. ಅಂದರೆ ಹತ್ತು ಸಾವಿರ ರೂಪಾಯಿಗೂ ಮಿಕ್ಕಿದ ಖರ್ಚು, ನನ್ನ ಒಂದು ಮಾತಿನ ಮೇಲೆ.

ತಪ್ಪು ತಿಳಿದದ್ದು ಪಾಠಯೋಜನೆ ಬರೆಯುವಾಗ. ರೋಧಶೀಲತೆಯ ಮೇಲೆ ಒಂದು ಲೆಕ್ಕ ಬೇಕಿತ್ತು. ಪುಸ್ತಕದ ಲೆಕ್ಕದ ಬದಲು ಆ ಮನೆಯ ತಂತಿಯನ್ನೇ ತೆಗೆದುಕೊಂಡೆ. ಬ್ಯಾಟರಿ ಪಡಸಾಲೆಯಲ್ಲಿ, ಇನ್ವರ್ಟರ್ ಒಳಕೋಣೆಯಲ್ಲಿ. ನಡುವೆ ಹೋಗಲು 8 ಮೀಟರ್, ಬರಲು 8 ಮೀಟರ್, ಒಟ್ಟು 16 ಮೀಟರ್ ತಾಮ್ರದ ತಂತಿ, ಅಡ್ಡಕೊಯ್ತ 1.5 ಚದರ ಮಿ.ಮೀ. ಪಠ್ಯಪುಸ್ತಕದ ಕೋಷ್ಟಕದಲ್ಲಿ ತಾಮ್ರದ ರೋಧಶೀಲತೆ 1.62 × 10⁻⁸ ಓಂ ಮೀಟರ್. ಲೆಕ್ಕ ಹಾಕಿದರೆ ತಂತಿಯ ರೋಧ ಸುಮಾರು 0.17 ಓಂ. ಇಷ್ಟೇ ತಾನೆ ಎನಿಸುತ್ತದೆ. ಆದರೆ ಕಂಪ್ಯೂಟರಿಗೆ 90 ವ್ಯಾಟ್ ಬೇಕು, ಇನ್ವರ್ಟರಿನ ನಷ್ಟವೂ ಸೇರಿದರೆ 105 ವ್ಯಾಟಿನಷ್ಟು. ಅದನ್ನು 10–12 ವೋಲ್ಟಿನಲ್ಲಿ ಪಡೆಯಲು ಸುಮಾರು 10 ಆಂಪಿಯರ್ ಹರಿಯಬೇಕು. 10ನ್ನು 0.17ರಿಂದ ಗುಣಿಸಿದಾಗ 1.7 ವೋಲ್ಟ್! ಅಷ್ಟು ತಂತಿಯಲ್ಲೇ ಕರಗುತ್ತಿತ್ತು.

ಮರುದಿನ ಸಂಜೆ ಮತ್ತೆ ಹೋಗಿ, ಕಂಪ್ಯೂಟರ್ ಚಾಲೂ ಇರುವಾಗಲೇ ಎರಡೂ ತುದಿ ಅಳೆದೆ. ಬ್ಯಾಟರಿಯ ಮೇಲೆ 12.2, ಇನ್ವರ್ಟರಿನಲ್ಲಿ 10.4. ಬ್ಯಾಟರಿ ಗಟ್ಟಿಯಾಗಿಯೇ ಇತ್ತು. ಕೆಂಪು ದೀಪಕ್ಕೆ ಬ್ಯಾಟರಿ ಕಾಣುವುದಿಲ್ಲ, ತನ್ನ ಬಾಯಿಗೆ ಬಂದ ವೋಲ್ಟೇಜ್ ಮಾತ್ರ ಗೊತ್ತು. ನಾನು ಅದರ ಮಾತನ್ನೇ ನಂಬಿದ್ದೆ. ಹಣ ಇನ್ನೂ ಖರ್ಚಾಗಿರಲಿಲ್ಲ, ಪುಣ್ಯ.

ದೀಪಗಳೇಕೆ ಉರಿಯುತ್ತಿದ್ದವು? ಎರಡು ಎಲ್‌ಇಡಿ ಬಲ್ಬಿಗೆ ಹೆಚ್ಚೆಂದರೆ 2 ಆಂಪಿಯರ್ ಸಾಕು, ತಂತಿಯಲ್ಲಿ ಕಳೆಯುವುದು 0.3 ವೋಲ್ಟ್ ಮಾತ್ರ. ಇನ್ನೊಂದು ಸಂಗತಿ ನಮ್ಮ ಪಾಠದಲ್ಲಿ ಬರುವುದಿಲ್ಲ. ಸಾದಾ ರೋಧಕಕ್ಕೆ ವೋಲ್ಟೇಜ್ ಇಳಿದರೆ ಪ್ರವಾಹವೂ ಇಳಿಯುತ್ತದೆ. ಇನ್ವರ್ಟರ್ ಹಾಗಲ್ಲ. ಅದು ಅಷ್ಟೇ ವ್ಯಾಟ್ ಕೊಡಬೇಕಾದ್ದರಿಂದ ವೋಲ್ಟೇಜ್ ಇಳಿದಂತೆ ಹೆಚ್ಚು ಆಂಪಿಯರ್ ಎಳೆಯುತ್ತದೆ, ತಂತಿಯಲ್ಲಿ ಇನ್ನಷ್ಟು ನಷ್ಟವಾಗುತ್ತದೆ.

ದುರಸ್ತಿಗೆ ಹೊಸ ಸಾಮಾನು ಬೇಕಾದದ್ದು ಕಡಿಮೆ. ಊರಿನ ಎಲೆಕ್ಟ್ರಿಷಿಯನ್ ಇನ್ವರ್ಟರನ್ನು ಬ್ಯಾಟರಿಯ ಪಕ್ಕಕ್ಕೆ ತಂದು, 6 ಚದರ ಮಿ.ಮೀ. ದಪ್ಪದ ಒಂದು ಮೀಟರ್ ಕೇಬಲ್ ಮತ್ತು ಫ್ಯೂಸ್ ಹಾಕಿದರು. ಒಳಕೋಣೆಗೆ ಅದೇ ಹಳೆಯ ತಂತಿಯಲ್ಲಿ ಈಗ 230 ವೋಲ್ಟ್ ಹೋಗುತ್ತದೆ. ಪ್ರವಾಹ ಅರ್ಧ ಆಂಪಿಯರಿನ ಆಸುಪಾಸು, ನಷ್ಟ 0.1 ವೋಲ್ಟಿಗೂ ಕಡಿಮೆ. ಹೊಲಗಳ ಮೇಲೆ ಹಾದುಹೋಗುವ 11 ಕಿಲೋವೋಲ್ಟ್ ತಂತಿಯ ಗುಟ್ಟೂ ಇದೇ ಎಂದು ತರಗತಿಯಲ್ಲಿ ಹೇಳಲು ದಾರಿ ಸಿಕ್ಕಿತು.

ತರಗತಿಗೆ 12 ವೋಲ್ಟಿನ ಬ್ಯಾಟರಿ, ಬೈಕಿನ ಹೆಡ್‌ಲೈಟ್ ಬಲ್ಬು ಮತ್ತು ಸಣ್ಣ ತಂತಿಯ ಸುರುಳಿ ಒಯ್ದೆ. ಉದ್ದದ ತಂತಿಯಲ್ಲಿ ಬಲ್ಬು ಮಂಕಾದಾಗ ಮಕ್ಕಳು ಎರಡೂ ಕಡೆ ವಿಭವಾಂತರ ಅಳೆದರು. "ತಂತಿನೂ ಒಂದು ರೋಧಕ ಏನ್ರಿ ಸರ್?" ಎಂದಳು ಒಬ್ಬಳು. ಕಪ್ಪುಹಲಗೆಯ ಮಂಡಲ ಚಿತ್ರದಲ್ಲಿ ನಾವು ಎಳೆಯುವ ಗೆರೆಗೆ ರೋಧವೇ ಇಲ್ಲ. ಆ ಕಲ್ಪನೆಯನ್ನು ನಾವು ಬಾಯಿಬಿಟ್ಟು ಹೇಳುವುದೂ ಇಲ್ಲ.

ಇದನ್ನು ಮಾಡಿಸುವವರು ಒಂದು ಎಚ್ಚರ ವಹಿಸಬೇಕು. ಬ್ಯಾಟರಿಯ ಎರಡು ತುದಿ ತಪ್ಪಿ ಕೂಡಿದರೆ ನೂರಾರು ಆಂಪಿಯರ್ ಹರಿಯುತ್ತದೆ. ಬಳೆ, ಉಂಗುರ ತೆಗೆಸಿ. ಮಲ್ಟಿಮೀಟರ್ ಡಿಸಿ ವೋಲ್ಟಿನಲ್ಲಿರಲಿ, ಆಂಪಿಯರಿನಲ್ಲಿಟ್ಟು ಬ್ಯಾಟರಿಗೆ ಹಚ್ಚಬೇಡಿ. ಇನ್ವರ್ಟರಿನ 230 ವೋಲ್ಟಿನ ಕಡೆ ಮಕ್ಕಳು ಸುಳಿಯಲೇಬಾರದು.

"ಹಂಗಾದ್ರ ಪ್ಯಾನೆಲಿಂದ ಬರೋ ತಂತಿನೂ ಅಳೀಬೇಕಲ್ರಿ?" ಎಂದ ಆ ಹುಡುಗ. ಅದನ್ನು ನಾನು ಅಳೆದಿರಲಿಲ್ಲ. ಭಾನುವಾರ ಮಾಳಿಗೆ ಹತ್ತಿದೆವು. ತಂತಿ ದಪ್ಪಗಿತ್ತು, ಗಾಜಿನ ಮೇಲಿನ ಎರೆಮಣ್ಣಿನ ಧೂಳು ತೊಳೆದೆವು. ಮೂರು ಗಂಟೆಯ ಮೇಲೆ ನುಗ್ಗೆ ಗಿಡದ ನೆರಳು ಪ್ಯಾನೆಲಿನ ಒಂದು ಮೂಲೆಗೆ ಬೀಳುತ್ತದೆ. ಕೋಶಗಳು ಸರಣಿಯಲ್ಲಿರುವುದರಿಂದ ಆ ಮೂಲೆ ಉಳಿದವುಗಳನ್ನೂ ಎಳೆದು ಹಿಡಿಯುತ್ತದೆ. ಟೊಂಗೆ ಕಡಿಯಲು ಮನೆಯವರು ಒಪ್ಪಿದ್ದಾರೆ, ನುಗ್ಗೇಕಾಯಿ ಮುಗಿದ ಮೇಲೆ.