ಗಿಟಾರಿನ ಹದವಾದ ನಾದ

ರಾಜ್ಯೋತ್ಸವದ ಕಾರ್ಯಕ್ರಮಕ್ಕೆಂದು ಗಿಟಾರ್ ಅಭ್ಯಾಸ ಮಾಡುವ ತರುಣರು ನಮ್ಮಲ್ಲಿ ಕೆಲವರಿದ್ದಾರೆ. ಕಾರ್ಖಾನೆಯ ಪಾಳಿಯೋ ಕಚೇರಿಯೋ ಮುಗಿದ ಮೇಲೆ ಅವರಿಗೆ ದೊರೆಯುವುದು ಒಂದೆರಡು ಗಂಟೆ ಮಾತ್ರ. ಕಷ್ಟಪಟ್ಟು ಕಲಿತದ್ದು ವೇದಿಕೆಯ ಮೇಲೆ ಕೈಕೊಟ್ಟರೆ ಮನಸ್ಸಿಗೆ ನೋವು. ಈ ಲೇಖಕನಿಗೂ ಒಮ್ಮೆ ಹಾಗಾಯಿತು. ಕೋಣೆಯಲ್ಲಿ ಇಂಪಾಗಿದ್ದ ಸೋಲೋ, ಸಭೆಯಲ್ಲಿ ಸೂರತ್ತಿನ ಮಗ್ಗದ ಗದ್ದಲದಂತೆ ಕೇಳಿಸಿತು. ತಪ್ಪು ಬೆರಳಿನದಲ್ಲ, ಗುಂಡಿ ತಿರುಗಿಸಿದ ರೀತಿಯದು.

ಆಂಪ್ಲಿಫೈಯರಿಗೆ ಅದು ತಡೆಯುವುದಕ್ಕಿಂತ ತುಸು ಹೆಚ್ಚು ಬಲದ ಸಂಕೇತ ಕೊಟ್ಟರೆ, ಧ್ವನಿಯ ಅಲೆಗಳ ತುದಿ ಚಪ್ಪಟೆಯಾಗುತ್ತದೆ. ಆಗ ಮೂಲಸ್ವರದೊಡನೆ ಹೊಸ ಉಪಸ್ವರಗಳು ಹುಟ್ಟುತ್ತವೆ. ಸ್ವರವೂ ಹೆಚ್ಚು ಹೊತ್ತು ನಿಲ್ಲುತ್ತದೆ. ಇದೇ ಓವರ್‌ಡ್ರೈವ್. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ನೂಲೆಳೆ ಇಟ್ಟು ಝೇಂಕಾರ ತರುವುದನ್ನು ನಾವೆಲ್ಲ ಬಲ್ಲೆವು. ಎಳೆ ಹದದಲ್ಲಿದ್ದರೆ ನಾದ, ಇಲ್ಲದಿದ್ದರೆ ಬರಿಯ ಗೊರಗೊರ. ಇಲ್ಲಿಯೂ ಹಾಗೆಯೇ. ಅಲೆಯ ತುದಿ ದುಂಡಗೆ ಸವೆದರೆ ಬೆಚ್ಚನೆಯ ನಾದ, ಕತ್ತರಿಸಿದಂತಾದರೆ ಕರ್ಕಶ. 1964ರಲ್ಲಿ ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ಒರಟು ನಾದಕ್ಕಾಗಿ ಸ್ಪೀಕರಿನ ಕಾಗದವನ್ನೇ ಸೀಳಿದರು. ಇಂದು ಒಂದು ಪುಟ್ಟ ಪೆಡಲ್ ಸಾಕು.

ಮೊದಲು ಪೆಡಲ್ ಇಲ್ಲದೆ ಆಂಪ್ಲಿಫೈಯರನ್ನು ಸ್ವಚ್ಛ ನಾದಕ್ಕೆ ಹೊಂದಿಸಿ. ಬಾಸ್, ಮಿಡ್, ಟ್ರೆಬಲ್ ಮೂರೂ ನಡುವೆ ಇರಲಿ. ಗಿಟಾರಿನಲ್ಲಿ ಕತ್ತಿನ ಬಳಿಯ ಪಿಕಪ್ ಆರಿಸಿ, ಟೋನ್ ಗುಂಡಿಯನ್ನು 7ಕ್ಕೆ ಇಳಿಸಿ. ಬಳಿಕ ಪೆಡಲಿನ ಗುಂಡಿಗಳನ್ನು ಗಡಿಯಾರದ ಮುಳ್ಳಿನಂತೆ ಭಾವಿಸಿ ಡ್ರೈವ್ 9 ಗಂಟೆಗೆ, ಟೋನ್ 12ಕ್ಕೆ, ಲೆವೆಲ್ 2ಕ್ಕೆ ನಿಲ್ಲಿಸಿ. ಮೆಲ್ಲನೆ ಮೀಟಿದರೆ ನಾದ ಸ್ವಚ್ಛವಾಗಿಯೂ, ಒತ್ತಿ ಮೀಟಿದರೆ ತುಸು ಒಡೆದಂತೆಯೂ ಕೇಳಿಸಬೇಕು. ಅದೇ ಹದ.

ಸಭೆಯಲ್ಲಿ ಗಿಟಾರ್ ಕೇಳಿಸದಿದ್ದರೆ ಡ್ರೈವ್ ಏರಿಸಬೇಡಿ. ಬಾಸ್ ಇಳಿಸಿ, ಮಿಡ್ ಏರಿಸಿ. ಕೆಳಗಿನ ಜಾಗವನ್ನು ಢೋಲಕ್ ಹಿಡಿದಿರುತ್ತದೆ, ಮೇಲಿನದನ್ನು ತಾಳ. ಗಿಟಾರಿನ ಮೊದಲ ತಂತಿಯನ್ನು ಒತ್ತದೆ ಮೀಟಿದಾಗ ಸೆಕೆಂಡಿಗೆ ಸುಮಾರು 330 ಕಂಪನ, 12ನೆಯ ಮೆಟ್ಟಿಲಿನಲ್ಲಿ 660. ಸೋಲೋ ಬಾಳುವುದು ಈ ನಡುಪ್ರದೇಶದಲ್ಲಿಯೇ.

ಕೊನೆಗೆ, ಎಲ್ಲಕ್ಕಿಂತ ಮುಖ್ಯವಾದ ಮಾತು. ಗಿಟಾರಿನ ತಂತಿಗಳು ಆಂಪ್ಲಿಫೈಯರಿನ ಅರ್ತಿಂಗಿಗೆ ಸೇರಿರುತ್ತವೆ. ಬಾಡಿಗೆ ಕೋಣೆಯ ಸಾಕೆಟ್ಟಿನಲ್ಲಿ ಅರ್ತಿಂಗ್ ಇಲ್ಲದಿದ್ದರೆ, ಯಂತ್ರ ಕೆಟ್ಟಾಗ ವಿದ್ಯುತ್ತು ನೇರವಾಗಿ ಕೈಗೆ ಬರಬಹುದು. ಯಾರ್ಡ್‌ಬರ್ಡ್ಸ್ ತಂಡದ ಗಾಯಕ ಕೀತ್ ರೆಲ್ಫ್ 1976ರಲ್ಲಿ ತಮ್ಮ ಮನೆಯಲ್ಲಿಯೇ ಅರ್ತಿಂಗ್ ಸರಿಯಿಲ್ಲದ ಗಿಟಾರಿನಿಂದ ಪ್ರಾಣ ಕಳೆದುಕೊಂಡರು. ಆದುದರಿಂದ ಪ್ಲಗ್ಗಿನ ಮೂರನೆಯ ಪಿನ್ನನ್ನು ಎಂದಿಗೂ ಕೀಳಬೇಡಿ. ಸಾಕೆಟ್ಟನ್ನು ಬಲ್ಲವರಿಂದ ಪರೀಕ್ಷಿಸಿರಿ.

ರಾತ್ರಿಪಾಳಿ ಮುಗಿಸಿ ಪಕ್ಕದ ಕೋಣೆಯಲ್ಲಿ ಮಲಗಿದವರನ್ನು ನೆನೆದು ಅಭ್ಯಾಸವನ್ನು ಹೆಡ್‌ಫೋನಿನಲ್ಲಿ ಮಾಡಿರಿ. ನವೆಂಬರ್ 1ರಂದು ಸಭೆಯಲ್ಲಿ ಕುಳಿತು ಕೇಳಬೇಕಾದವರೂ ಅವರೇ ಅಲ್ಲವೇ?